ಅರವಟ್ಟಿಗೆಯ ಮುಂದೆ ನಿಲ್ಲದ ಹೆಂಗಸರು

"ಎಲ್ಲ ಶಾಲೆಗಳಿಗೂ ಒಂದೇ ಸಮಯ, ಒಂದೇ ನಿಯಮ ಇಟ್ಟಿದ್ದೇನೆ. ಒಂದು ಶಾಲೆಯ ಮಕ್ಕಳು ಮಾತ್ರ ಬರುವುದಿಲ್ಲ. ಇದರಲ್ಲಿ ನನ್ನ ತಪ್ಪೇನಿದೆ, ಮೇಡಂ?"

ಕೇಳಿದವಳು ವಾರಿಜಾ. ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದ ಹೊಸ ಗ್ರಂಥಪಾಲಕಿ, ನನ್ನ ಹಳೆಯ ವಿದ್ಯಾರ್ಥಿನಿ. ಆ ಗ್ರಂಥಾಲಯ ನಿಂತಿರುವ ಜಾಗ ನನ್ನ ಅಜ್ಜನವರು ಬಿಟ್ಟುಕೊಟ್ಟದ್ದು. ತಂದೆಯವರು ಪುರಸಭೆಯ ಅಧ್ಯಕ್ಷರಾಗಿದ್ದಾಗಲೂ ಅಲ್ಲಿಂದ ತಂದ ಪುಸ್ತಕವನ್ನು ಒಂದು ದಿನವೂ ತಡವಾಗಿ ಹಿಂದಿರುಗಿಸಿದವರಲ್ಲ. ನನ್ನನ್ನು ಕಾನ್ವೆಂಟಿನಲ್ಲಿ ಓದಿಸಿದರು. ಬೆನ್ನು ನೆಟ್ಟಗಿಟ್ಟು ಕೂರುವುದನ್ನೂ ಕೇಳಿದ್ದಕ್ಕೆ ನೇರವಾಗಿ ಉತ್ತರಿಸುವುದನ್ನೂ ಅಲ್ಲಿನ ಸಿಸ್ಟರುಗಳು ಕಲಿಸಿದರು. ಇಂದು ಗ್ರಂಥಾಲಯ ಸಮಿತಿಗೆ ನಾನು ಅಧ್ಯಕ್ಷೆ. ಓದದೆ ಸಹಿ ಹಾಕುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ.

ವಾರಿಜಾ ತಂದ ಕಾಗದವನ್ನು ಓದಿದೆ. ಶನಿವಾರ ಮಧ್ಯಾಹ್ನ ಊರಿನ ನಾಲ್ಕು ಶಾಲೆಗಳ ಮಕ್ಕಳು ಗ್ರಂಥಾಲಯಕ್ಕೆ ಬಂದು ಓದುವ, ಮನೆಗೂ ಪುಸ್ತಕ ಒಯ್ಯುವ ಏರ್ಪಾಡಿದೆ. ಕಲ್ಲು ಕ್ವಾರಿಯ ಪಕ್ಕದ ಶಾಲೆಯನ್ನು ಇನ್ನು ಕೈಬಿಡಬೇಕು, ಅದರ ಪಾಲಿನ ಪುಸ್ತಕ ಉಳಿದ ಮೂರು ಶಾಲೆಗಳಿಗೆ ಹೋಗಬೇಕು ಎಂದು ಬರೆದಿತ್ತು. ನನ್ನ ಸಹಿ ಬಿದ್ದರೆ ಈ ಶನಿವಾರದಿಂದಲೇ ಜಾರಿ.

"ಆ ಶಾಲೆಯಿಂದ ಒಬ್ಬರೂ ಬರಲಿಲ್ಲವೇ?" ಎಂದು ಕೇಳಿದೆ.

"ಒಬ್ಬಳು ಬಂದಿದ್ದಳು, ಹುಲಿಗೆಮ್ಮ ಅಂತ. ಸೊಂಟದ ಮೇಲೆ ತಮ್ಮನನ್ನು ಎತ್ತಿಕೊಂಡು ಬಂದಿದ್ದಳು. ಕೂಸುಗಳನ್ನು ಒಳಗೆ ಬಿಡುವುದಿಲ್ಲ, ಮನೆಯಲ್ಲಿ ಬಿಟ್ಟು ಬಾ ಅಂದೆ. ಮನೆಯಲ್ಲಿ ಯಾರೂ ಇಲ್ಲ, ಎಲ್ಲರೂ ಕ್ವಾರಿ ಕೆಲಸಕ್ಕೆ ಹೋಗಿದ್ದಾರೆ ಅಂದಳು. ಬಾಗಿಲು ಬಿಟ್ಟು ಕದಲಲಿಲ್ಲ. ನನಗೂ ಸಿಟ್ಟು ಬಂತು. 'ನಿಮಗೆಲ್ಲ ಓದು ಯಾಕೆ ಬೇಕು? ಫ್ಯಾನಿನ ಗಾಳಿಗೆ ಬರುತ್ತೀರಿ' ಅಂದುಬಿಟ್ಟೆ. ಆಮೇಲೆ ಅವಳೂ ಇಲ್ಲ, ಆ ಶಾಲೆಯ ಉಳಿದವರೂ ಇಲ್ಲ."

"ಯಾರ ಮುಂದೆ ಅಂದೆ?"

"ಓದುತ್ತಿದ್ದ ಮಕ್ಕಳೆಲ್ಲ ಇದ್ದರು."

ನಾನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಅವಳಿಗೆ ಈ ಕತೆ ಹೇಳಿದೆ.

ಒಬ್ಬ ವರ್ತಕ ಬೇಸಿಗೆಯಲ್ಲಿ ಊರ ಹೊರಗಿನ ದಾರಿಯ ಪಕ್ಕ ಅರವಟ್ಟಿಗೆ ಇಡಿಸಿದ. ಚಪ್ಪರದ ನೆರಳಿನಲ್ಲಿ ದಾರಿಹೋಕರಿಗೆ ತಣ್ಣೀರು ಕೊಡುವ ಪುಣ್ಯದ ಕೆಲಸ ಅದು. ಯಾರ ಜಾತಿಯನ್ನೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಒಂದೇ ಕೊಡ, ಒಂದೇ ಚೊಂಬು. ಗಾಡಿಯವರು ಕುಡಿದರು, ಯಾತ್ರಿಕರು ಕುಡಿದರು, ಕುರಿ ಕಾಯುವವರು ಕುಡಿದರು. ಗುಡ್ಡದಿಂದ ಕಟ್ಟಿಗೆ ಹೊತ್ತು ಬರುವ ಹೆಂಗಸರು ಮಾತ್ರ ನಿಲ್ಲಲಿಲ್ಲ. ಕತ್ತು ತಿರುಗಿಸಿ ನೋಡಲೂ ಇಲ್ಲ.

ವರ್ತಕನಿಗೆ ಇದು ತನಗೆ ಮಾಡಿದ ಅವಮಾನ ಅನ್ನಿಸಿತು. ಒಂದು ಮಧ್ಯಾಹ್ನ ದಾರಿಗೆ ಅಡ್ಡ ಬಂದು ಕೂಗಿದ.

"ಏನ್ರೇ, ನನ್ನ ನೀರು ಕಹಿಯಾ? ಕಟ್ಟಿಗೆ ಹೊರುವವರಿಗೂ ಇಷ್ಟು ಕೊಬ್ಬಾ?"

ನೆರಳಿನಲ್ಲಿ ಕುಳಿತಿದ್ದ ಗಾಡಿಯವರು ನಕ್ಕರು. ಹೆಂಗಸರು ಬದಿಗೆ ಸರಿದು ಮುಂದೆ ನಡೆದರು. ತುಸು ದೂರದಲ್ಲಿ ಅವರಲ್ಲೊಬ್ಬಳು ಕುಸಿದು ಬಿದ್ದಳು. ಹೊರೆ ಅವಳ ಪಕ್ಕಕ್ಕೆ ಉರುಳಿತು.

ವರ್ತಕ ಚೊಂಬು ಹಿಡಿದು ಓಡಿದ. ಬಾಯಿಗೆ ನೀರು ಬಿಟ್ಟ. ಬಹಳ ಹೊತ್ತು ಅವಳು ಕಣ್ಣು ತೆರೆಯಲಿಲ್ಲ. ತೆರೆದಾಗ ಮೊದಲು ನೋಡಿದ್ದು ಹೊರೆಯನ್ನು.

"ಎತ್ತಿಕೊಡಿ, ಧಣಿ. ಪೇಟೆಯ ವ್ಯಾಪಾರ ಮುಗಿದರೆ ಇವತ್ತು ಒಲೆ ಹತ್ತುವುದಿಲ್ಲ."

ವರ್ತಕ ಬಗ್ಗಿ ಎತ್ತಲು ಹೋದ. ಹೊರೆ ಮೊಣಕಾಲಿನ ಮಟ್ಟಕ್ಕೂ ಬರಲಿಲ್ಲ. ಅವಳ ಜೊತೆಯವರು ಸುತ್ತ ನಿಂತಿದ್ದರು, ಒಬ್ಬಳೂ ಬಗ್ಗಲಿಲ್ಲ. ಬಗ್ಗಿದರೆ ಅವರ ತಲೆಯ ಹೊರೆಯೂ ನೆಲಕ್ಕೆ ಬೀಳುತ್ತದೆ, ಬಿದ್ದದ್ದನ್ನು ಮತ್ತೆ ಎತ್ತಿಕೊಡುವವರಿಲ್ಲ. ಅವರು ಯಾಕೆ ನಿಲ್ಲುವುದಿಲ್ಲವೆಂದು ವರ್ತಕನಿಗೆ ಆಗ ತಿಳಿಯಿತು. ನಗುತ್ತಿದ್ದ ಗಾಡಿಯವರನ್ನೇ ಕರೆದು ಹೊರೆ ಎತ್ತಿಸಿದ.

ವಾರ ಕಳೆಯುವುದರೊಳಗೆ ಅರವಟ್ಟಿಗೆಯ ಪಕ್ಕ ಹೊರೆಗಲ್ಲು ನಿಲ್ಲಿಸಿದ. ಎರಡು ಕಂಬ, ಮೇಲೆ ತಲೆಯ ಎತ್ತರಕ್ಕೆ ಒಂದು ಚಪ್ಪಡಿ. ಹೊತ್ತವಳು ನಿಂತಂತೆಯೇ ಹೊರೆಯನ್ನು ಅದರ ಮೇಲೆ ಜಾರಿಸಬಹುದು, ಯಾರ ಸಹಾಯವೂ ಇಲ್ಲದೆ ಮತ್ತೆ ತಲೆಗೆ ತೆಗೆದುಕೊಳ್ಳಬಹುದು. ಗಾಡಿಯವರಿಗೆ ಆ ಕಲ್ಲು ಬೇಕಿರಲಿಲ್ಲ. ಅವರಿಗಾಗಿ ಅದನ್ನು ನಿಲ್ಲಿಸಿಯೂ ಇರಲಿಲ್ಲ.

ಹೆಂಗಸರು ಬಂದರು. ಹೊರೆ ಇಳಿಸಿದರು. ಕತ್ತು ನೀವಿಕೊಂಡರು. ಚೊಂಬು ಮುಟ್ಟದೆ ಹೊರೆ ಎತ್ತಿಕೊಂಡು ಹೊರಟರು. ಮರುದಿನವೂ ಹಾಗೆಯೇ. ವರ್ತಕನಿಗೆ ತಡೆಯಲಾಗಲಿಲ್ಲ.

"ಇನ್ನೇನು ಮಾಡಬೇಕಮ್ಮಾ ನಾನು? ಕಲ್ಲೂ ಹಾಕಿಸಿದೆನಲ್ಲ!"

ಅವತ್ತು ಬಿದ್ದಿದ್ದವಳೇ ಉತ್ತರ ಕೊಟ್ಟಳು. "ಕಲ್ಲು ಹಾಕಿಸಿದಿರಿ, ನಮ್ಮ ಕತ್ತು ಉಳಿಯಿತು. ಗಾಡಿಯವರು ನಗುವಂತೆ ಅಂದಿರಲ್ಲ, ಆ ಮಾತು ಇನ್ನೂ ಗಂಟಲಲ್ಲಿದೆ, ಧಣಿ. ನೀರು ಹೇಗೆ ಇಳಿಯಬೇಕು?"

ನಾನು ಅಲ್ಲಿಗೆ ನಿಲ್ಲಿಸಿದೆ.

"ವರ್ತಕ ಏನೆಂದ, ಮೇಡಂ?"

"ಕೊಡ ತುಂಬಿದೆಯೇ ನೋಡುತ್ತೇನೆ ಎಂದು ಚಪ್ಪರದೊಳಗೆ ಹೋದ."

ವಾರಿಜಾ ನನ್ನ ಮುಂದಿದ್ದ ಕಾಗದವನ್ನು ತೆಗೆದು ನಾಲ್ಕಾಗಿ ಹರಿದಳು. ಅವಳ ಮುಖ ಹಗುರಾಯಿತು. "ತಿಳಿಯಿತು, ಮೇಡಂ. ಗ್ರಂಥಾಲಯದ ಜಗುಲಿಯಲ್ಲಿ ಚಾಪೆ ಹಾಸಿಸುತ್ತೇನೆ. ಕೂಸುಗಳು ಅಲ್ಲಿ ಆಡಲಿ, ನೋಡಿಕೊಳ್ಳಲು ಒಬ್ಬ ಆಯಾ ಇರಲಿ. ಉಳಿದ ಶಾಲೆಯವರು ತಮಗೂ ಬೇಕು ಎಂದರೆ ನಾನೇ ಉತ್ತರ ಕೊಡುತ್ತೇನೆ. ಇಷ್ಟು ಮಾಡಿದರೆ ಆಯಿತಲ್ಲವೇ?"

"ಚಾಪೆಯನ್ನು ಶನಿವಾರ ಹಾಸು, ಇವತ್ತು ಕ್ವಾರಿ ಶಾಲೆಗೆ ಹೋಗಿ, ಎಲ್ಲ ಮಕ್ಕಳ ಮುಂದೆ ಹುಲಿಗೆಮ್ಮನ ಕ್ಷಮೆ ಕೇಳು."