ಕಡೆಗೆ ಉಣ್ಣುವವರ ತಟ್ಟೆ

ಹಾಗಲಗಿರಿಯ ಪಾಳೇಗಾರ ಮುದ್ದಿಯನಾಯಕನಿಗೆ ರಾಶಿ ಎಂದರೆ ಪ್ರಾಣ. ಸುಗ್ಗಿ ಬಂತೆಂದರೆ ಒಂದೊಂದು ಕಣಕ್ಕೂ ಹೋಗಿ, ಯಾರ ರಾಗಿ ರಾಶಿ ಎತ್ತರವೋ ಅವನ ಕೈಗೆ ಬೆಳ್ಳಿ ಕಡಗ ತೊಡಿಸುತ್ತಿದ್ದ. ಕಡಗ ತೊಟ್ಟವನ ನಡಿಗೆಯೇ ಬೇರೆ ಬಿಡಿ!

ಆ ಸೀಮೆಯಲ್ಲಿ ರಾಗಿಯ ನಡುನಡುವೆ ಅಕ್ಕಡಿ ಸಾಲು ಹಾಕುವುದು ವಾಡಿಕೆ. ಒಂದು ಸಾಲು ಅವರೆ, ಇನ್ನೊಂದು ತೊಗರಿ, ಅಂಚಿಗೆ ಹುಚ್ಚೆಳ್ಳು. ಸಾರಿಗೆ ಕಾಳು, ಒಗ್ಗರಣೆಗೆ ಎಣ್ಣೆ, ನೆಲಕ್ಕೆ ಸತ್ವ, ಎಲ್ಲಾ ಅಲ್ಲೇ. ಆದರೆ ಕಡಗ ಸಿಗುವುದು ರಾಗಿಗೆ ಮಾತ್ರ. ಅಕ್ಕಡಿಗೆ ಬಿಟ್ಟ ಜಾಗ ದಂಡ ಅನ್ನಿಸಿತು ಜನಕ್ಕೆ. ಒಬ್ಬ ಅಕ್ಕಡಿ ಹಾಕುವುದನ್ನೇ ಬಿಟ್ಟ, ಅವನನ್ನು ನೋಡಿ ಮತ್ತೊಬ್ಬ ಬಿಟ್ಟ. ಅರಮನೆಯ ಹೊಲದಲ್ಲೂ ಬಿಟ್ಟರು. ರಾಶಿ ಎತ್ತರವಾಯಿತು, ಸಾರು ತೆಳ್ಳಗಾಯಿತು. ಯಾರೂ ಕೇಳಲಿಲ್ಲ.

ಹೀಗಿರುವಾಗ ನಾಯಕನ ಸೊಸೆ, ತುಂಬು ಬಸುರಿ ಹೊನ್ನಾಜಮ್ಮ, ಅಂಗಳದಲ್ಲಿ ತಲೆ ಸುತ್ತಿ ಬಿದ್ದಳು. ನಾಡಿ ಹಿಡಿದ ಪಂಡಿತರ ಮುಖ ಸಣ್ಣದಾಯಿತು. “ಮೈಯಲ್ಲಿ ರಕ್ತವೇ ಇಲ್ಲ ದೊರೆ. ಹೀಗೇ ಆದರೆ ತಾಯಿ, ಮಗು ಇಬ್ಬರೂ ದಕ್ಕೋದು ಕಷ್ಟ.”

“ಕಣಜ ತುಂಬಿರೋ ನನ್ನ ಮನೆಯಲ್ಲಾ? ಏನು ಮಾತಾಡ್ತೀರಿ!” ನಾಯಕ ಗುಡುಗಿದ.

ಗುಡುಗಿದರೆ ರಕ್ತ ಬರುತ್ತದೆಯೇ? ಮರುದಿನ ಮಧ್ಯಾಹ್ನ ತಾನೇ ಅಡುಗೆಮನೆಗೆ ಹೋದ. ಗಂಡಸರು ಉಂಡು ಎದ್ದಿದ್ದರು, ಮಕ್ಕಳದೂ ಆಗಿತ್ತು, ಹಿರಿಯ ಹೆಂಗಸರದೂ ಆಗಿತ್ತು. ಸೊಸೆ ಮೂಲೆಯಲ್ಲಿ ಕೂತಿದ್ದಳು. ತಟ್ಟೆಯಲ್ಲಿ ಮುದ್ದೆ, ಉಪ್ಪು, ಮಡಕೆಯ ತಳದ ನೀರುಸಾರು.

“ಏನವ್ವ ಇದು? ಕಾಳೆಲ್ಲಿ?”

“ಕಾಳು ಈಗ ಯಾರು ಬೆಳೀತಾರೆ ಮಾವಯ್ಯ? ಸಂತೆಯಿಂದ ತಂದ ಹಿಡಿ ಕಾಳು ಮೊದಲು ಕೂತವರಿಗೇ ಮುಗಿಯುತ್ತೆ. ನಾನು ಕಡೆಗೆ ಉಣ್ಣೋಳು.”

ನಾಯಕನ ಕಣ್ಣು ತುಂಬಿತು. ದೀಪದ ಬುಡದಲ್ಲೇ ಕತ್ತಲೆ! ಆ ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡ. “ಇವತ್ತಿನಿಂದ ನೀನು ಮೊದಲ ಪಂಕ್ತಿ. ಈ ಮನೆಯಲ್ಲಿ ಕಡೆಗೆ ಉಣ್ಣೋನು ನಾನು” ಎಂದ. ಒಣ ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತು, ನೀರು ಕುಡಿದು ನುಂಗಿದ. ಸೊಸೆಗೆ ಹಾಲು, ಸೊಪ್ಪು, ಕಾಳು ಬಡಿಸಿದರು.

ಬಿತ್ತನೆಗೆ ಮುಂಚೆ ಡಂಗುರ ಹೊಡೆಸಿದ: “ಇನ್ನು ರಾಶಿ ನೋಡುವುದಿಲ್ಲ. ಮನೆಗೇ ಬರುತ್ತೇನೆ. ಕಡೆಗೆ ಉಣ್ಣುವವರ ತಟ್ಟೆ ಎಲ್ಲಿ ತುಂಬಿದೆಯೋ ಅಲ್ಲಿಗೆ ಕಡಗ.”

ಮೂರು ಸಲ ಕಡಗ ಗೆದ್ದಿದ್ದ ದೊಡ್ಡಬಸವಯ್ಯನಿಗೆ ಮೈಯೆಲ್ಲ ಉರಿಯಿತು. “ಹೆಂಗಸರ ತಟ್ಟೆ ಇಣುಕೋದು ದೊರೆಗಳ ಕೆಲಸವಾ ಬುದ್ಧಿ? ರಾಶಿ ಇಳಿದರೆ ನಾಡಿನ ಮಾನ ಏನಾಗಬೇಕು?”

“ಹೊಟ್ಟೆ ಬರಿದಾದ ನಾಡಿಗೆ ಮಾನ ಎಲ್ಲಿಯದಯ್ಯ? ಹೋಗು, ಅವರೆ ಬಿತ್ತು.”

ದೊರೆಗೆ ನಾಲ್ಕು ದಿನದ ಹುಚ್ಚು ಅಂದುಕೊಂಡರು ಜನ. ಆ ವರ್ಷ ಊರಲ್ಲಿ ಯಾರೂ ಅಕ್ಕಡಿ ಬಿತ್ತಲಿಲ್ಲ, ಕಡಗವೂ ಯಾರ ಕೈಗೂ ಏರಲಿಲ್ಲ. ನಾಯಕ ಜಗ್ಗಲಿಲ್ಲ, ದಿನಾ ಕಡೆಗೇ ಉಂಡ. ದೊರೆಯ ತಟ್ಟೆಗೆ ನೀರುಸಾರು ಸುರಿಯುವ ಧೈರ್ಯ ಯಾರಿಗಿದೆ? ಅರಮನೆಯ ಹೊಲದಲ್ಲಿ ಅಕ್ಕಡಿ ಸಾಲು ತಾನಾಗಿ ಎದ್ದಿತು! ಅದನ್ನು ನೋಡಿ ಊರಿನ ಹೊಲಗಳಲ್ಲೂ ಎದ್ದಿತು. ಹೊನ್ನಾಜಮ್ಮ ಹೆತ್ತ ಮಗು ಅಷ್ಟರಲ್ಲಿ ತಪ್ಪುಹೆಜ್ಜೆ ಇಡುತ್ತಿತ್ತು.

ಮರುಸುಗ್ಗಿಗೆ ನಾಯಕ ಹೇಳದೆ ಕೇಳದೆ ದೊಡ್ಡಬಸವಯ್ಯನ ಮನೆಗೇ ನುಗ್ಗಿದ. ಒಳಗೆ ಅವನ ಹೆಂಡತಿ ಈರಕ್ಕ ಕಡೆಯ ಊಟಕ್ಕೆ ಕೂತಿದ್ದಳು. ಮುದ್ದೆ, ಹಿಸುಕಿದವರೆ ಸಾರು, ಹುಚ್ಚೆಳ್ಳು ಚಟ್ನಿ. ಬಸವಯ್ಯ ಹಳೇ ಅಭ್ಯಾಸಕ್ಕೆ ಕೈ ಚಾಚಿ ನಿಂತ. ನಾಯಕ ಅವನನ್ನು ದಾಟಿಕೊಂಡು ಹೋಗಿ ಈರಕ್ಕನ ಮುಂದೆ ಕೂತ.

“ಕೈ ತೊಳೆದುಕೋ ತಾಯಿ, ಕಡಗ ತೊಡಿಸಬೇಕು.”

“ಊಟ ಇನ್ನೂ ಅರ್ಧ ಇದೆ ಬುದ್ಧಿ. ಹಾಗೇ ತೊಡಿಸಿ.”

ನೀತಿ: ನಾಡು ಚೆನ್ನಾಗಿದೆಯೋ ಇಲ್ಲವೋ ಎಂದು ಕಣ ನೋಡಿ ಹೇಳಬೇಡಿ, ಕಡೆಗೆ ಉಣ್ಣುವವರ ತಟ್ಟೆ ನೋಡಿ ಹೇಳಿ. ಆ ತಟ್ಟೆ ತುಂಬಬೇಕಾದರೆ ಹೊಲವೂ ಬದಲಾಗಬೇಕು, ಪಂಕ್ತಿಯೂ ಬದಲಾಗಬೇಕು. ಮೊದಲು ಎದ್ದು ಜಾಗ ಬಿಡಬೇಕಾದವನು ಮನೆಯ ಯಜಮಾನ.