ಹೂವಾಡಗಿತ್ತಿ ಕೇಳಿದ ಕೊಸರು

“ತಾಯಿ, ಪೇಟೆಯ ಅಂಗಡಿಯಲ್ಲಿ ಒಂದು ಸಣ್ಣ ಟ್ಯಾಬ್ಲೆಟ್ಟು ಅರ್ಧ ಬೆಲೆಗೆ ಬಂದಿದೆ. ಕೊಳ್ಳಲೋ, ಬಿಡಲೋ?” ಎಂದು ಶಿಷ್ಯ ಕರಿಬಸವ ಕೇಳಿದ.

ಗುರುತಾಯಿ ಮಠದ ಜಗುಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. “ಗುಳಿಗೆಯನ್ನು ಅರ್ಧ ಬೆಲೆಗೆ ಕೊಳ್ಳಬಾರದು ಮಗ, ವಾಯಿದೆ ಮುಗಿದಿರುತ್ತದೆ” ಎಂದರು.

ಇದು ನುಂಗುವ ಟ್ಯಾಬ್ಲೆಟ್ಟಲ್ಲ, ನೋಡುವ ಟ್ಯಾಬ್ಲೆಟ್ಟು ಎಂದು ಕರಿಬಸವ ನಗುತ್ತ ಬಿಡಿಸಿ ಹೇಳಿದ. ಸ್ಲೇಟಿನ ಹಾಗಿರುತ್ತದೆ. ದೂರದವರ ಮುಖ ತೋರಿಸುತ್ತದೆ, ಮಾತು ಹಿಡಿದಿಡುತ್ತದೆ. ನೀವು ಸಂಜೆ ಹೇಳುವುದನ್ನೆಲ್ಲ ಅದರಲ್ಲಿ ತುಂಬಿಸಿಕೊಂಡರೆ ಕೋಣೆಯಲ್ಲಿ ಮಲಗಿಕೊಂಡೇ ಕೇಳಬಹುದು, ದಿನಾ ಇಲ್ಲಿ ಬಂದು ಕೂರಬೇಕೆಂದಿಲ್ಲ. ಆದರೆ ಪರದೆ ಚಿಕ್ಕದು, ಮಾದರಿ ಹಳೆಯದು. ಅಗ್ಗವೆಂದು ಕೊಂಡರೆ ಮೋಸವಾದೀತೇ ಎಂಬುದು ಅವನ ಅನುಮಾನ. ಬೆಳಗಿನಿಂದ ಅವನ ತಲೆಯಲ್ಲಿ ಅದೇ ಓಡುತ್ತಿತ್ತು. ಕಸ ಗುಡಿಸುವಾಗ ಅದೇ, ಬತ್ತಿ ಹೊಸೆಯುವಾಗ ಅದೇ. ಕೊಡ ಎತ್ತಿಕೊಡು ಬಾ ಎಂದು ಗುರುತಾಯಿ ಹಿತ್ತಲಿನಿಂದ ಕೂಗಿದ್ದೂ ಅವನ ಕಿವಿಗೆ ಬಿದ್ದಿರಲಿಲ್ಲ. ಅವರು ಅರ್ಧ ನೀರು ಚೆಲ್ಲಿ, ಉಳಿದರ್ಧ ಕೊಡವನ್ನು ತಾವೇ ಹೊತ್ತು ತಂದಿದ್ದರು.

ಗುರುತಾಯಿ ಸಿಪ್ಪೆಯನ್ನು ಒಂದು ಕಡೆಗೆ ಸರಿಸಿ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಹೂವಾಡಗಿತ್ತಿ ಇದ್ದಳು. ಮಲ್ಲಿಗೆಯ ನಡುನಡುವೆ ಮರುಗ ಸೇರಿಸಿ ಕಟ್ಟುವುದು ಅವಳ ಪದ್ಧತಿ. ಬಾಳೆನಾರು ಎಳೆದೂ ಎಳೆದೂ ಅವಳ ತೋರುಬೆರಳಿನಲ್ಲಿ ಒಂದು ಗೀರು ಬಿದ್ದುಹೋಗಿತ್ತು. ಮೊಳ ಹಾಕಿ ಅಳೆದ ಮೇಲೆ, ಕೇಳಲಿ ಬಿಡಲಿ, ಇನ್ನಷ್ಟು ಬಿಟ್ಟು ಕತ್ತರಿಸುವಳು. ಅದು ಕೊಸರು. ಕೊಸರಿಲ್ಲದ ಹೂವು ಮುಡಿಗೇರುವ ಮೊದಲೇ ಬಾಡುತ್ತದೆ ಎಂದು ತಮಾಷೆ ಮಾಡುವಳು. ತಾನು ಏನು ಕೊಂಡರೂ ಅಷ್ಟೇ. ಉಪ್ಪು ಕೊಂಡರೂ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಅಂಗಡಿಯ ಮೆಟ್ಟಿಲು ಇಳಿದವಳಲ್ಲ.

ಮನೆಯಲ್ಲಿ ಅವಳಿಗೆ ಕಣ್ಣಿಲ್ಲದ ಅತ್ತೆ. ಗಂಡ ತೀರಿಹೋಗಿದ್ದ. ಮರುಗದ ವಾಸನೆ ಹೊಸ್ತಿಲು ದಾಟಿತೆಂದರೆ ಸೊಸೆ ಬಂದಳೆಂದು ಮುದುಕಿಗೆ ಗೊತ್ತಾಗುತ್ತಿತ್ತು. ಅಂಗೈಗೆ ಬೆರಳಿನ ಗೀರು ತಾಕಿತೆಂದರೆ ಸೊಸೆ ಪಕ್ಕದಲ್ಲಿ ಕೂತಳೆಂದು ಗೊತ್ತಾಗುತ್ತಿತ್ತು. ಮುದುಕಿಯ ಲೋಕ ಅಷ್ಟೇ.

ಒಬ್ಬಳೇ ಮಗಳು ದೂರದ ಊರಿನಲ್ಲಿ ಚೊಚ್ಚಲ ಬಸುರಿಯಾಗಿದ್ದಳು. ತವರಿಗೆ ಕರೆತರೋಣವೆಂದರೆ ಪ್ರಯಾಣ ಕೂಡದೆಂದು ವೈದ್ಯರು ಹೇಳಿದ್ದರು. ಅಮ್ಮ, ನೀನಾದರೂ ಬಂದು ನಾಲ್ಕು ದಿನ ಇರು ಎಂದು ಮಗಳು ಫೋನಿನಲ್ಲಿ ಅಳುತ್ತಿದ್ದಳು. ಹೂವಾಡಗಿತ್ತಿ ಲೆಕ್ಕ ಹಾಕಿದಳು. ಅತ್ತೆಯನ್ನು ಒಂಟಿಯಾಗಿ ಬಿಡುವಂತಿಲ್ಲ. ಈ ವಯಸ್ಸಿನಲ್ಲಿ ಅವಳು ಬಸ್ಸು ಹತ್ತುವವಳೂ ಅಲ್ಲ. ವಾಡಿಕೆಯ ಮನೆಗಳಿಗೆ ಹೂವು ತಪ್ಪಿದರೆ ನಾಳೆ ಬೇರೆಯವಳು ಬಂದು ಕೂರುತ್ತಾಳೆ. ಇದನ್ನೆಲ್ಲ ತಾನೇ ಕೇಳಿಕೊಂಡು ತಾನೇ ಉತ್ತರ ಹೇಳಿಕೊಂಡಳು. ಅತ್ತೆಯನ್ನು ಕೇಳಲಿಲ್ಲ.

ಹೀಗಿರುವಾಗ ಪೇಟೆಯ ಒಂದು ಅಂಗಡಿಯಲ್ಲಿ ಸಣ್ಣ ಟ್ಯಾಬ್ಲೆಟ್ಟು ಕಂಡಿತು. ಅರ್ಧ ಬೆಲೆ ಎಂದು ಹಲಗೆ ತೂಗುಹಾಕಿದ್ದರು. ಅವಳು ಅದನ್ನು ಕೈಗೆತ್ತಿಕೊಂಡು ಮೊಳ ಹಾಕಿ ನೋಡಿದಳು. ಅರ್ಧ ಮೊಳಕ್ಕೂ ಕಡಿಮೆ. ಬಾಡಿದ ಹೂವನ್ನು ಸಂಜೆ ಅರ್ಧ ಬೆಲೆಗೆ ಮಾರುವವಳು ನಾನು, ಇದರಲ್ಲಿ ಏನು ಬಾಡಿದೆ ಎಂದು ಅಂಗಡಿಯವನನ್ನು ಕೇಳಿದಳು. ಏನೂ ಬಾಡಿಲ್ಲ, ಹೊಸದು ಬಂದಿದೆ, ಇದು ಹಳೆಯದಾಯಿತು, ಅಷ್ಟೇ ಎಂದು ಅವನು ಹೇಳಿದ. ಹಿಂದೆ ಮುಂದೆ ತಿರುಗಿಸಿದಳು. ಒಂದು ಗೀರೂ ಇರಲಿಲ್ಲ. ಮಗಳ ಊರಿಗೆ ಹೋಗಿಬರುವ ಖರ್ಚು, ತಪ್ಪುವ ವ್ಯಾಪಾರ, ಅತ್ತೆಗೆ ಆಗುವ ತೊಂದರೆ, ಎಲ್ಲವನ್ನೂ ಮನಸ್ಸಿನಲ್ಲೇ ಒಂದು ಕಡೆ ಇಟ್ಟು ತೂಗಿದಳು. ಇದೇ ಹಗುರವಾಗಿ ಕಂಡಿತು.

ಬೆಲೆ ಕೊಟ್ಟ ಮೇಲೆ ಅಭ್ಯಾಸಬಲದಿಂದ ಕೈ ಚಾಚಿದಳು. “ಕೊಸರು?”

ಅಂಗಡಿಯವನು ನಗಲಿಲ್ಲ. ಅವಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ, ಬಟ್ಟೆ ಹೊಲಿಯುವವನು ಅಳತೆ ನೋಡುವ ಹಾಗೆ. “ಹಾಕಿದ್ದೇನೆ ಅಮ್ಮ, ಒಳಗೇ ಇದೆ” ಎಂದ.

ಮನೆಗೆ ಬಂದು ಅದನ್ನು ಹೂಬುಟ್ಟಿಗೆ ಒರಗಿಸಿಟ್ಟಳು. ಮಗಳ ಮುಖ ಬಂತು. ತುಂಬಿದ ಕೆನ್ನೆ, ಹಿಂದೆ ಹಸಿರು ಗೋಡೆ, ಗೋಡೆಯಲ್ಲಿ ದುಂಡನೆಯ ಗಡಿಯಾರ. ಮೂಲೆಯ ಪುಟ್ಟ ಚೌಕದಲ್ಲಿ ಅವಳದೇ ಮುಖ ಕಾಣುತ್ತಿತ್ತು. ತಾಯಿಯೂ ಮಗಳೂ ಅತ್ತರು, ನಕ್ಕರು. ಮುದುಕಿಗೂ ಮೊಮ್ಮಗಳ ದನಿ ಕೇಳಿ ಸಂತೋಷವಾಯಿತು. ಆಮೇಲೆ ಅದನ್ನು ಆರಿಸುವುದೇ ಕಡಿಮೆಯಾಯಿತು. ಹೂವು ಕಟ್ಟುವಾಗ ಎದುರಿಗೆ, ಒಲೆ ಊದುವಾಗ ಪಕ್ಕಕ್ಕೆ. ಮಗಳು ಕೂತರೆ ಇವಳೂ ಕೂರುವಳು, ಮಗಳು ಉಂಡರೆ ಇವಳಿಗೂ ಹೊಟ್ಟೆ ತುಂಬುವುದು.

ಒಂದು ದಿನ ಮಗಳು ಹೇಳಿದಳು, ಅಮ್ಮ, ನೀನು ಬಂದ ಹಾಗೇ ಇದೆ, ಮನೆಯೆಲ್ಲ ಮರುಗದ ವಾಸನೆ ಬರುತ್ತದೆ, ಈ ಊರಿನಲ್ಲಿ ಮರುಗವೇ ಸಿಗುವುದಿಲ್ಲ ಎಂದು. ಬಸುರಿಯ ಮೂಗಿಗೆ ಏನೇನೋ ವಾಸನೆ ಎಂದು ತಾಯಿ ನಕ್ಕುಬಿಟ್ಟಳು. ಅದೇ ದಿನ ಅತ್ತೆ ಕೇಳಿದಳು, ಏನೇ, ಇವತ್ತು ಮರುಗ ತರಲಿಲ್ಲವೇ ಎಂದು. ಮರುಗದ ಕಂತೆ ಮುದುಕಿಯ ಕಾಲ ಬಳಿಯೇ ಇತ್ತು. ಸೊಸೆ ಅದನ್ನು ನೋಡಿದಳು. ಮೂಗಿನ ಹತ್ತಿರ ಹಿಡಿದಳು. ಅವಳಿಗೂ ಏನೂ ಬರಲಿಲ್ಲ.

ಹೂವು ಕೊಳ್ಳಲು ಬಂದವರು ಅವಳ ತಲೆಯ ಮೇಲಿಂದ ಆಚೆ ನೋಡತೊಡಗಿದರು. ಬುಟ್ಟಿ ಬಿಟ್ಟು ಎಲ್ಲಿ ಹೋದಳೋ ಮಹರಾಯ್ತಿ ಎಂದು ಒಬ್ಬಳು ಅವಳ ಎದುರಿಗೇ ನಿಂತು ಬೈದುಕೊಂಡಳು. ಇಲ್ಲೇ ಇದ್ದೇನೆ ಎಂದಾಗ ಆಕೆ ಬೆಚ್ಚಿಬಿದ್ದಳು. ಮರುದಿನ ಹೇಳಿದರೂ ಬೆಚ್ಚಲಿಲ್ಲ. ಹೂವು ತಾನೇ ಎತ್ತಿಕೊಂಡು, ಕಾಸು ಬುಟ್ಟಿಗೆ ಹಾಕಿ ಹೋದಳು.

ಆ ಮಧ್ಯಾಹ್ನ ಹೂವಾಡಗಿತ್ತಿ ಮೂಲೆಯ ಪುಟ್ಟ ಚೌಕವನ್ನು ಸರಿಯಾಗಿ ನೋಡಿದಳು. ಅಲ್ಲಿ ಅವಳಿದ್ದಳು. ಅವಳ ಹಿಂದೆ ಹೊಗೆ ಹಿಡಿದ ತನ್ನ ಗೋಡೆ ಇರಬೇಕಿತ್ತು. ಇದ್ದದ್ದು ಹಸಿರು ಗೋಡೆ, ದುಂಡನೆಯ ಗಡಿಯಾರ. ತಟ್ಟನೆ ಹಿಂತಿರುಗಿ ನೋಡಿದಳು. ತನ್ನ ಗೋಡೆಯೇ ಇತ್ತು. ಮತ್ತೆ ಚೌಕದ ಕಡೆ ತಿರುಗಿದಳು. ಚೌಕದಲ್ಲಿದ್ದವಳು ಹಿಂತಿರುಗಿಯೇ ಇರಲಿಲ್ಲ. ಇವಳನ್ನೇ ನೋಡುತ್ತ ಕೂತಿದ್ದಳು.

ಅಷ್ಟರಲ್ಲಿ ಅತ್ತೆ ನೀರು ಕೇಳಿದಳು. “ಬಂದೆ ಅತ್ತೆ” ಎಂದಳು ಇವಳು. ಆ ಮಾತು ಇವಳ ಬಾಯಿಂದ ಕೇಳಲಿಲ್ಲ, ಮಗಳ ಅಡುಗೆಮನೆಯಿಂದ, ಇವಳಿಗೆ ಮಾತ್ರ, ಸಣ್ಣಗೆ ಕೇಳಿಸಿತು. ಮುದುಕಿ ಕಾದಳು. ಯಾರೂ ಓಗೊಡದಿದ್ದಾಗ ತಾನೇ ಎದ್ದು, ಗೋಡೆ ತಡವುತ್ತ ಒಲೆಯ ಕಡೆಗೆ ನಡೆದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಸೊಸೆ ಓಡಿ ಅಡ್ಡ ನಿಂತಳು. ಮುದುಕಿಯ ಕೈ ಅವಳ ಮುಖದ ಮೇಲೆ, ಕೊರಳ ಮೇಲೆ ಹರಿದು, ಗಾಳಿಯಲ್ಲಿ ಹರಿದಂತೆ ದಾಟಿ, ಕಾದ ಪಾತ್ರೆಗೆ ತಾಕಿತು. ಕಿರುಚಲಿಲ್ಲ ಮುದುಕಿ. ಸುಟ್ಟ ಕೈಯನ್ನು ಎದೆಗವಚಿಕೊಂಡು, “ಮನೆಯಲ್ಲಿ ಯಾರೂ ಇಲ್ಲವೇನೋ” ಎಂದಳು.

ಟ್ಯಾಬ್ಲೆಟ್ಟಿನಿಂದ ಮಗಳ ದನಿ ಬಂತು. ಅಮ್ಮ, ಈಗ ತಲೆ ಸವರಿದೆಯಲ್ಲ, ಹಾಗೇ ಇನ್ನೊಂದು ಸಲ ಸವರು ಎಂದು ಅವಳು ಕಣ್ಣು ಮುಚ್ಚಿ ಹೇಳುತ್ತಿದ್ದಳು.

ಹೂವಾಡಗಿತ್ತಿಗೆ ಆಗ ತನ್ನ ಕಸುಬಿನಿಂದಲೇ ಅರ್ಥವಾಯಿತು. ಕೊಸರು ಎಂಬುದು ಬೇರೆ ಎಲ್ಲಿಂದಲೋ ಬರುವುದಿಲ್ಲ, ಅದೇ ಮಾಲೆಯಿಂದ ಬರುತ್ತದೆ. ಅಲ್ಲಿ ಮಗಳಿಗೆ ಸಿಕ್ಕಿದ ಒಂದೊಂದು ಬೆರಳಗಲವೂ ಇಲ್ಲಿ ತನ್ನಿಂದಲೇ ಕತ್ತರಿಸಿದ್ದು.

ಟ್ಯಾಬ್ಲೆಟ್ಟನ್ನು ಆರಿಸಿ, ಬಟ್ಟೆಯಲ್ಲಿ ಸುತ್ತಿ, ಅಂಗಡಿಗೆ ಓಡಿದಳು. ದಾರಿಯಲ್ಲಿ ಯಾರೂ ಅವಳಿಗೆ ಜಾಗ ಬಿಡಲಿಲ್ಲ, ಯಾರೂ ಅವಳಿಗೆ ತಾಕಲೂ ಇಲ್ಲ. ಅಂಗಡಿಯವನೊಬ್ಬನಿಗೆ ಮಾತ್ರ ಅವಳು ಚೆನ್ನಾಗಿ ಕಂಡಳು. ಇದನ್ನು ಇಟ್ಟುಕೋ, ಹಣ ಬೇಡ, ಕೊಸರನ್ನು ವಾಪಸು ಕೊಡು ಎಂದು ಬೇಡಿಕೊಂಡಳು.

“ನೀವು ಯಾರಿಂದಲಾದರೂ ಕೊಸರು ವಾಪಸು ಇಸಿದುಕೊಂಡದ್ದುಂಟೇ ಅಮ್ಮ?” ಎಂದು ಅವನು ಮೆಲ್ಲಗೆ ಕೇಳಿದ.

ಅವಳು ಮನೆಗೆ ಬಂದು ಅದನ್ನು ಅಕ್ಕಿಯ ಡಬ್ಬದ ತಳಕ್ಕೆ ತುರುಕಿದಳು. ಅಲ್ಲಿಂದ ಮುಂದೆ ಅವಳು ಕರಗುವುದು ನಿಂತಿತು. ಹೋದದ್ದು ಮಾತ್ರ ಬರಲಿಲ್ಲ. ಅತ್ತೆಯ ಪಕ್ಕ ಕೂತು, ಅವಳ ಅಂಗೈಯೊಳಗೆ ತನ್ನ ಬೆರಳಿಟ್ಟುಕೊಂಡು ಹಗಲೆಲ್ಲ ಕಾದಳು. ಒಂದು ಹೊತ್ತಿನಲ್ಲಿ ಮುದುಕಿಯ ಅಂಗೈ ಮುಚ್ಚಿಕೊಂಡಿತು. ಗೀರು ಸಿಕ್ಕಿತು ಕಣೇ, ಉಳಿದವಳು ಎಲ್ಲಿ ಹೋದೆ ಎಂದು ಕೇಳಿದಳು.

ಸೊಸೆ ನಡೆದದ್ದನ್ನೆಲ್ಲ ಹೇಳಿದಳು. ದನಿ ಸೊಳ್ಳೆಯ ದನಿಯಷ್ಟಾಗಿತ್ತು, ಆದರೂ ಮುದುಕಿಗೆ ಕೇಳಿಸಿತು. ಕಡಿದ ಎಳೆ ಎಲ್ಲಿ ಬಿದ್ದಿದೆಯೋ ಅಲ್ಲಿಗೇ ಹೋಗಿ ಗಂಟು ಹಾಕಬೇಕು ಅತ್ತೆ, ನೀವು ಬಸ್ಸು ಹತ್ತಿ ಬರುತ್ತೀರಾ ಎಂದು ಹೆದರುತ್ತ ಕೇಳಿದಳು.

“ಬಾರದೆ ಏನು? ಮೊದಲೇ ಕೇಳಿದ್ದರೆ ಮೊದಲೇ ಬರುತ್ತಿದ್ದೆ. ನೀನು ಕೇಳಲಿಲ್ಲವಲ್ಲೇ” ಎಂದಳು ಮುದುಕಿ.

ಇಬ್ಬರೂ ಹೊರಟರು. ಬಸ್ಸಿನಲ್ಲಿ ಕಂಡಕ್ಟರು ಒಂದೇ ಟಿಕೀಟು ಹರಿದ. ಜೊತೆಗೆ ಯಾರೂ ಇಲ್ಲವೇ ಅಜ್ಜಿ ಎಂದ. ಸೊಸೆ ಇದ್ದಾಳಲ್ಲಪ್ಪ, ಕಣ್ಣು ನನಗಿಲ್ಲವೋ ನಿನಗಿಲ್ಲವೋ ಎಂದು ಮುದುಕಿ ಗದರಿದಳು. ಅವನು ಪಕ್ಕದ ಜಾಗವನ್ನು ನೋಡಿ ಮುಂದಕ್ಕೆ ಹೋದ. ದಾರಿಯುದ್ದಕ್ಕೂ ಮುದುಕಿ ಆ ಬೆರಳನ್ನು ಬಿಡಲಿಲ್ಲ. ನೀರು ಕುಡಿಸಿದ್ದು ಆ ಕೈ. ವಾಂತಿಯಾದಾಗ ಬೆನ್ನು ನೀವಿದ್ದು ಆ ಕೈ. ಬಸ್ಸಿಳಿದ ಮೇಲೆ ಕಲ್ಲುಮುಳ್ಳು ತಪ್ಪಿಸಿ, ಮಗಳ ಬಾಗಿಲಿಗೆ ತಂದು ನಿಲ್ಲಿಸಿದ್ದೂ ಅದೇ.

ಮುದುಕಿ ಬಾಗಿಲು ಬಡಿದಳು. ಮಗಳು ತುಂಬಿದ ಹೊಟ್ಟೆ ಹೊತ್ತು ಬಂದು ತೆರೆದಳು. ಅಜ್ಜಿಯನ್ನು ನೋಡಿ ಅವಳ ಮುಖ ಅರಳಿತು. ಹೂವಾಡಗಿತ್ತಿ ಮಗಳ ಕಣ್ಣೊಳಗೆ ತನ್ನನ್ನು ಹುಡುಕಿದಳು. ಆ ಕಣ್ಣು ಅವಳನ್ನು ದಾಟಿ ಬೀದಿಯನ್ನು ನೋಡಿತು.

ಇಷ್ಟು ದೂರ ಒಬ್ಬಳೇ ಹೇಗೆ ಬಂದೆ ಅಜ್ಜಿ ಎಂದ ಮಗಳು ಒಳಕ್ಕೆ ತಿರುಗಿ, “ಅಮ್ಮ, ಯಾರು ಬಂದಿದ್ದಾರೆ ನೋಡು ಬಾ” ಎಂದು ಕೂಗಿದಳು.

ಒಳಗಿನಿಂದ ಮರುಗದ ವಾಸನೆ ಬಂತು. ಅದರ ಹಿಂದೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೂವಾಡಗಿತ್ತಿ ಬಂದಳು. ಹೊಸ್ತಿಲ ಹೊರಗೆ ನಿಂತಿದ್ದ ಹೂವಾಡಗಿತ್ತಿ ಅವಳನ್ನು ನೋಡಿದಳು. ತನ್ನದೇ ಸೀರೆ, ತನ್ನದೇ ನಗು. ಬನ್ನಿ ಅತ್ತೆ ಎಂದು ಒಳಗಿನವಳು ಮುದುಕಿಯ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಹೊರಗಿನವಳ ಬೆರಳಿನಿಂದ ಆ ಕೈ ಜಾರಿತು.

ಮುದುಕಿ ಒಳಗೆ ಕಾಲಿಡಲಿಲ್ಲ. ಹೊಸ ಕೈಯ ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿದಳು. ನುಣುಪಾಗಿದ್ದವು. ಮತ್ತೊಮ್ಮೆ ಸವರಿದಳು. ಆಮೇಲೆ ಕಾಣದ ಕಣ್ಣನ್ನು ಬೀದಿಯ ಕಡೆಗೆ ತಿರುಗಿಸಿ, ಸುಟ್ಟ ಕೈಯನ್ನು ಗಾಳಿಗೆ ಚಾಚಿ ಕೇಳಿದಳು.

“ಇವಳು ಇರಲಿ. ನನ್ನನ್ನು ಕರೆತಂದವಳು ಎಲ್ಲಿ?”

ಗುರುತಾಯಿ ಕತೆಯನ್ನು ಅಲ್ಲಿಗೇ ಬಿಟ್ಟು ಅವರೆಕಾಯಿಗೆ ಕೈ ಹಾಕಿದರು. ಮುದುಕಿಗೆ ಆ ಬೆರಳು ಮತ್ತೆ ಸಿಕ್ಕಿತೇ, ಒಳಗಿನವಳು ಹೊರಗಿನವಳು ಇಬ್ಬರಲ್ಲಿ ಅಳೆದ ಮಾಲೆ ಯಾರು, ಕೊಸರು ಯಾರು ತಾಯಿ ಎಂದು ಕರಿಬಸವ ಕೇಳಿದ.

ಗುರುತಾಯಿ ತಲೆಯೆತ್ತಿ, ಅವನು ಕುಳಿತಿದ್ದ ಜಾಗವನ್ನು ಕಣ್ಣು ಕಿರಿದು ಮಾಡಿ ನೋಡಿದರು.

“ಬೆಳಗ್ಗೆ ಹಿತ್ತಲಿನಿಂದ ಕೂಗಿದಾಗ ಓಗೊಡಲಿಲ್ಲವಲ್ಲ ಕರಿಬಸವ, ಅವನು ಈಗಲಾದರೂ ಬಂದಿದ್ದಾನೆಯೇ, ಇಲ್ಲವೇ ನಾನು ಇಷ್ಟು ಹೊತ್ತೂ ಕೊಸರಿಗೆ ಕತೆ ಹೇಳಿದೆನೇ?”