ಕಾಡುಹಂದಿಗಳ ಹಗ್ಗಕ್ಕೆ ಮೂವರು ಮೇಷ್ಟ್ರು

ಕಾರೆಮಟ್ಟಿ ಕಾಡಿನ ನಟ್ಟನಡುವೆ ಒಂದು ಕೆರೆ, ಕೆರೆಯ ಪಕ್ಕ ಒಂದು ದಿಬ್ಬ. ಆ ದಿಬ್ಬದಲ್ಲಿ ಮೂತಿ ತೂರಿಸಿದಲ್ಲೆಲ್ಲ ಗೆಣಸು! ಹಾಗಾಗಿ ಮಕ್ಕಳೇ, ಅದರ ಮೇಲೆ ಕಾಡುಹಂದಿಗಳಿಗೂ ಕಣ್ಣು, ಮುಳ್ಳುಹಂದಿಗಳಿಗೂ ಕಣ್ಣು. ಕಚ್ಚಾಟ ಬೇಡವೆಂದು ಕಾಡಿನವರೆಲ್ಲ ಸೇರಿ ಒಂದು ಪದ್ಧತಿ ಮಾಡಿದ್ದರು. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಆಲದ ಬಿಳಲು ಹಿಡಿದು ಹಗ್ಗಜಗ್ಗಾಟ. ನಡುವೆ ಕೆಸರಿನ ಹೊಂಡ. ಹೊಂಡಕ್ಕೆ ಬಿದ್ದವರು ಸೋತರು. ಗೆದ್ದವರಿಗೆ ಇಡೀ ವರ್ಷ ದಿಬ್ಬದ ಗೆಣಸು.

ಹನ್ನೊಂದು ವರ್ಷ ಕಾಡುಹಂದಿಗಳೇ ಗೆದ್ದವು. ಅವರಿಗೆ ಕಲಿಸುತ್ತಿದ್ದವರು ಬೆನ್ನಪ್ಪ ಮೇಷ್ಟ್ರು ಎಂಬ ಮುದಿ ಆಮೆ. ಬೆಳಗಾದರೆ ಅಭ್ಯಾಸ, ಸಂಜೆಯಾದರೆ ಅಭ್ಯಾಸ. ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಹಿಂದಕ್ಕೆ ಇಡುವುದು, ಅಷ್ಟೇ ಪಾಠ. ಹನ್ನೊಂದನೇ ಗೆಲುವಾದ ಮೇಲೆ, ವಯಸ್ಸಾಯಿತೆಂದು ಮೇಷ್ಟ್ರು ಹೊಳೆಯಾಚೆ ಮಗಳ ಮನೆಗೆ ಹೋದರು.

"ಹೋದರೆ ಹೋಗಲಿ ಬಿಡು," ಎಂದರು ಹಿರಿಯರು. "ಗೆಲ್ಲೋದು ನಮ್ಮ ರಕ್ತದಲ್ಲೇ ಇದೆ."

ಹಿರಿಯರೆಂದರೆ ಎಂಟು ಹಳೆಯ ಹಂದಿಗಳು. ಒಂದು ಕಾಲಕ್ಕೆ ಬಿಳಲು ಎಳೆದು ಹೆಸರು ಮಾಡಿದವರು. ಈಗ ಹೊಂಡದ ಪಕ್ಕದ ಬಂಡೆಯ ಮೇಲೆ ಕುಳಿತು ಎಳೆಯುವವರನ್ನು ಬೈಯುವುದೇ ಅವರ ಕೆಲಸ. ಅವರಲ್ಲಿ ದೊಡ್ಡವನು ದಂತಪ್ಪ ತಾತ. ಅವರ ಬೈಗುಳವೆಲ್ಲ ಮೊದಲು ಬೀಳುತ್ತಿದ್ದದ್ದು ತಂಡದ ನಾಯಕ ಕೋರೆಣ್ಣನ ಕಿವಿಗೆ. ಪಾಪ, ಎಳೆಯುವವರಲ್ಲಿ ಎಲ್ಲರಿಗಿಂತ ಮುಂದೆ, ಹೊಂಡದ ಅಂಚಿಗೇ ನಿಲ್ಲುವವನು ಅವನು.

ಆ ವರ್ಷ ಮೇಷ್ಟ್ರಿಲ್ಲದೆ ಎಳೆದರು. ಕೋರೆಣ್ಣ ಮೊದಲು ಬಿದ್ದ, ಅವನ ಮೇಲೆ ಉಳಿದವರು ಬಿದ್ದರು. ಹಂದಿಗೆ ಕೆಸರು ಇಷ್ಟವೇ. ಆದರೆ ನಾಲ್ಕು ಜನ ನೋಡುತ್ತಿರುವಾಗ ಎಳೆಸಿಕೊಂಡು ಬೀಳುವ ಕೆಸರು ಯಾರಿಗೂ ಇಷ್ಟವಾಗುವುದಿಲ್ಲ.

"ಹೊಸ ಮೇಷ್ಟ್ರು ಬೇಕು! ಇವತ್ತೇ ಬೇಕು!" ಬಂಡೆಯ ಮೇಲಿಂದ ಕೂಗೆದ್ದಿತು.

ಮೊದಲು ಬಂದವನು ಮುಸುವ, ಕರಿಮೂತಿಯ ಕೋತಿ. "ಒಂದೇ ಸಮನೆ ಎಳೆಯೋದು ಹಳೇ ಕಾಲದ್ದು ಕಣ್ರೋ! ಒಂದು ಸಲ ಜಗ್ಗಿ, ಸಡಿಲ ಬಿಡಿ, ಮತ್ತೆ ಜಗ್ಗಿ!" ಎಂದು ಕುಣಿದು ತೋರಿಸಿದ. ಮುಂದಿನ ಸಾಲಿನವರಿಗೆ ಇದು ಭಾರೀ ಹಿಡಿಸಿತು. ಆದರೆ ಅವರು ಸಡಿಲ ಬಿಟ್ಟಾಗ ಮುಳ್ಳುಹಂದಿಗಳು ಬಿಡಲಿಲ್ಲ. ಸೋತರು. ಹಿರಿಯರು ಅದೇ ಸಂಜೆ ಮುಸುವನನ್ನು ಓಡಿಸಿದರು.

ಎರಡನೆಯವನು ಕೊಕ್ಕರೆ. "ಆತುರ ಪಡಬೇಡಿ. ಒಂಟಿ ಕಾಲಲ್ಲಿ ಅಲುಗಾಡದೆ ನಿಲ್ಲಿ. ಎದುರಾಳಿ ತಾನಾಗಿಯೇ ದಣೀತಾನೆ," ಎಂದ. ನಡುವಿನ ಸಾಲಿನವರು ವರ್ಷವಿಡೀ ಒಂಟಿ ಕಾಲಲ್ಲಿ ನಿಂತು ಕಲಿತರು. ನಾಲ್ಕು ಕಾಲಿದ್ದವರಿಗೆ ಅದೆಷ್ಟು ಕಷ್ಟ, ನೀವೇ ಯೋಚಿಸಿ! ಮತ್ತೆ ಸೋಲು. ಕೊಕ್ಕರೆಗೂ ಗೇಟುಪಾಸು.

ಮೂರನೆಯವನು ಏಡಿ. "ಹಿಂದಕ್ಕೆ ಎಳೆದರೆ ಎಲ್ಲರಿಗೂ ಗೊತ್ತಾಗುತ್ತೆ. ಅಡ್ಡಡ್ಡ ಎಳೀರಿ!" ಎಂದ. ಹಿಂದಿನ ಸಾಲಿನವರು, "ಭಲೇ, ಇದಪ್ಪಾ ವಿದ್ಯೆ!" ಎಂದು ಪಕ್ಕಕ್ಕೆ ಹೆಜ್ಜೆ ಹಾಕತೊಡಗಿದರು.

ಇತ್ತ ಕೋರೆಣ್ಣನ ಮನೆಯಲ್ಲಿ ಮೂರು ವರ್ಷದಿಂದ ಗೆಣಸಿನ ಸುಳಿವಿಲ್ಲ. ಮರಿಗಳು ಕಹಿ ಬೇರು ಕಡಿದು ಸಣಕಲಾಗಿದ್ದವು. "ಈ ಸಲವೂ ಬರಿಗೈಲಿ ಬಂದರೆ ಮಕ್ಕಳಿಗೆ ಏನು ತಿನ್ನಿಸಲಿ? ನಿಮ್ಮ ಹಿರಿಯರ ಹಳೇ ಕತೆ ತಿನ್ನಿಸಲಾ?" ಎಂದು ಹೆಂಡತಿ ಗೊರಕವ್ವ ಕೇಳಿದಳು. ಕೋರೆಣ್ಣನಿಗೆ ಅಳು ಬಂದಂತಾಯಿತು.

ಪಂದ್ಯದ ದಿನ ಬಂತು. ಬಿಳಲು ಬಿಗಿಯಾಯಿತು.

"ಎಳೀರೋ!" ಎಂದು ಕೋರೆಣ್ಣ ಕೂಗಿದ.

ಮುಂದಿನ ಸಾಲಿನವರಿಗೆ ಇನ್ನೂ ಮುಸುವನ ಪಾಠವೇ ಪಾಠ. ಜಗ್ಗಿದರು, ಬಿಟ್ಟರು, ಜಗ್ಗಿದರು, ಬಿಟ್ಟರು. ನಡುವಿನವರು ಕೊಕ್ಕರೆಯನ್ನು ನೆನೆದು ಮೂರು ಕಾಲು ಮೇಲೆತ್ತಲು ಹೋಗಿ ಒಬ್ಬರ ಮೇಲೊಬ್ಬರು ವಾಲಿದರು. ಹಿಂದಿನವರು ಏಡಿಯ ಶಿಷ್ಯರು. ಅಡ್ಡಡ್ಡ ಎಳೆಯುತ್ತ ಹೋಗಿ ಬಿಳಲಿನ ತುದಿಯನ್ನು ತಮ್ಮ ಕಾಲಿಗೇ ಒಂದು ಸುತ್ತು ಸುತ್ತಿಕೊಂಡರು!

ಬಂಡೆಯ ಮೇಲಿಂದ ಎಂಟು ಬಾಯಿ ಒಟ್ಟಿಗೆ ತೆರೆದವು. "ಮುಂದೆ ಬಾ!" "ಹಿಂದೆ ಹೋಗು!" "ಕೂತ್ಕೋ!" "ಏಳೋ ದಡ್ಡ!"

ಎದುರುಗಡೆ ಮುಳ್ಳುಹಂದಿಗಳ ಪಕ್ಕದಲ್ಲಿ ಒಂದು ಮಣ್ಣುಗಪ್ಪೆ ಕುಳಿತಿತ್ತು. ಅದರ ಹೆಸರು ಬೋಂಡಕ್ಕ. ಅದು ಕೂಗಲಿಲ್ಲ, ಕುಣಿಯಲಿಲ್ಲ. ಗಂಟಲು ಉಬ್ಬಿಸಿ ಒಮ್ಮೆ "ವಟ್" ಎಂದಿತು. ಮುಳ್ಳುಹಂದಿಗಳೆಲ್ಲ ಒಂದು ಹೆಜ್ಜೆ ಹಿಂದಕ್ಕೆ ಇಟ್ಟವು. ಮತ್ತೊಮ್ಮೆ "ವಟ್" ಎನ್ನುವಷ್ಟರಲ್ಲಿ ಕೋರೆಣ್ಣ ಹೊಂಡದಲ್ಲಿ ಮೂತಿಯವರೆಗೆ ಮುಳುಗಿದ್ದ.

"ಏಡಿಯನ್ನು ಓಡಿಸಿ!" ಎಂದ ದಂತಪ್ಪ ತಾತ. ಅಷ್ಟರಲ್ಲಿ ಏಡಿ ತಾನೇ ಕಾಲಿಗೆ ಬುದ್ಧಿ ಹೇಳಿ ಬಿಲ ಸೇರಿಯಾಗಿತ್ತು. "ಹೋಗು ಕೋರೆಣ್ಣ, ಆ ಕಪ್ಪೇನೇ ಕರ್ಕೊಂಡು ಬಾ. ನಮ್ಮಂಥ ದೊಡ್ಡ ಮನೆತನ ಕರೆದರೆ ಬೇಡ ಅಂತಾಳಾ?"

ಕೋರೆಣ್ಣ ಕೆಸರು ಒರೆಸಿಕೊಂಡು ಹೋಗಿ ಕೈಮುಗಿದ. "ಬೋಂಡಕ್ಕ, ನಮಗೆ ಮೇಷ್ಟ್ರಾಗಿ ಬಾರವ್ವ."

"ಬರಬಹುದು," ಎಂದಿತು ಕಪ್ಪೆ. "ನಾನು ಈ ಮುಳ್ಳುಹಂದಿಗಳ ಜೊತೆ ಸೇರಿದ ಮೇಲೆ ಮೊದಲ ಆರು ವರ್ಷ ಸೋತೆವಪ್ಪ. ಒಂದು ದಿನವೂ ಇವರು ನನ್ನನ್ನ ಹೋಗು ಅನ್ನಲಿಲ್ಲ. ನಿಮ್ಮಲ್ಲಿ ಮೊದಲ ವರ್ಷ ಸೋತರೆ ಏನು ಮಾಡ್ತೀರಿ?"

ಕೋರೆಣ್ಣನಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಓಡಿಸ್ತೀವಿ."

"ಎರಡನೇ ವರ್ಷ ಸೋತರೆ?"

"ಮೊದಲನೇ ವರ್ಷವೇ ಓಡಿಸಿದ ಮೇಲೆ ಎರಡನೇ ವರ್ಷ ಎಲ್ಲಿಂದ..." ಎಂದು ಶುರುಮಾಡಿದ ಕೋರೆಣ್ಣ ಅಲ್ಲೇ ನಿಲ್ಲಿಸಿದ. ತಾನು ಹೇಳಿದ್ದು ತನಗೇ ಕೇಳಿಸಿತ್ತು.

ಕಪ್ಪೆ ಕುಪ್ಪಳಿಸುತ್ತ ಕೆರೆಯ ಕಡೆ ಹೊರಟುಹೋಯಿತು.

ಕೋರೆಣ್ಣ ನಾಚಿಕೆಯಿಂದ ವಾಪಸು ಬಂದ. ಬಂಡೆಯ ಮೇಲೆ ಎಂಟೂ ಜನ ಕತ್ತು ಉದ್ದ ಮಾಡಿ ಕಾಯುತ್ತಿದ್ದರು.

"ಬರ್ತಾಳಂತಾ?"

"ಇಲ್ಲ ತಾತ."

"ಯಾಕೆ?" ದಂತಪ್ಪನ ಕಣ್ಣು ಕೆಂಪಗಾಯಿತು. "ನಮ್ಮ ತಂಡಕ್ಕೆ ಏನು ಕಡಿಮೆಯಾಗಿದೆಯೋ?"

ಕೋರೆಣ್ಣ ಬಂಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಕಡಿಮೆ ಏನೂ ಆಗಿಲ್ಲ ತಾತ," ಎಂದ. "ಎಂಟು ಜನ ಜಾಸ್ತಿಯಾಗಿದ್ದಾರೆ."

ನೀತಿ: ಹಳೆಯ ಗೆಲುವಿನ ಜಂಬದಲ್ಲಿ ಸೋತಾಗಲೆಲ್ಲ ಗುರುವನ್ನು ಬದಲಿಸುವವರಿಗೆ ಯಾವ ಗುರುವಿನ ವಿದ್ಯೆಯೂ ಹತ್ತುವುದಿಲ್ಲ.